ಕೆಂಪಗಾದ ಕಣ್ಣಿಗೆ ಸರ್ಟಿಫಿಕೇಟು ಬೇರೆ ಬೇಕಾ?

ಮಳೆಗಾಲ ಬಂತೆಂದರೆ ನಮ್ಮ ಕಡೆ ಎರಡು ಸಂಗತಿ ಗ್ಯಾರಂಟಿ. ಒಂದು ಕರೆಂಟು ಹೋಗೋದು. ಇನ್ನೊಂದು, ಯಾರದ್ದಾದರೂ ಕಣ್ಣು ಕೆಂಪಗಾದ ಕೂಡಲೇ ಊರಿಗೆ ಊರೇ ಅವರಿಗೆ ಉಪದೇಶ ಮಾಡ್ಲಿಕ್ಕೆ ನಿಲ್ಲೋದು. "ಎಂತ ಮಾರ್ರೆ, ಇಂಥ ಕಣ್ಣು ಹಿಡ್ಕೊಂಡು ಬಸ್ಸು ಹತ್ತಿದ್ದಾರಲ್ಲ, ಮನೆಯಲ್ಲಿ ಕೂತ್ಕೊಳ್ಲಿಕ್ಕೆ ಆಗುದಿಲ್ವಾ?" ಈ ಮಾತು ಕಾರ್ಕಳದ ಸರ್ವಿಸ್ ಬಸ್ಸಿನಲ್ಲೂ ಕೇಳಿದ್ದೇನೆ, ಮಣಿಪಾಲದ ಕ್ಯಾಂಟೀನಿನಲ್ಲೂ ಕೇಳಿದ್ದೇನೆ, ಫ್ಯಾಮಿಲಿ ವಾಟ್ಸಾಪ್ ಗುಂಪಿನಲ್ಲಂತೂ ಬೇಡವೆಂದರೂ ಬರುತ್ತದೆ.

ನನ್ನ ಪ್ರಶ್ನೆ ಇಷ್ಟೇ. ಹೌದು, ಅವರಿಗೆ ಮನೆಯಲ್ಲಿ ಕೂತ್ಕೊಳ್ಳಲಿಕ್ಕೆ ಆಗುವುದಿಲ್ಲ. ಯಾಕೆ ಆಗುವುದಿಲ್ಲ ಅಂತ ಯಾವತ್ತಾದರೂ ಕೇಳಿದ್ದೀರಾ?

ಕೆಂಗಣ್ಣು ಬಂದವನು ಮನೆಯಲ್ಲಿ ಉಳಿಯಬೇಕೋ ಬೇಡವೋ ಅನ್ನೋದನ್ನು ನಾವು ಅವನ ಒಳ್ಳೆಯತನದ ಪರೀಕ್ಷೆ ಮಾಡಿಬಿಟ್ಟಿದ್ದೇವೆ. ಉಳಿದರೆ ಸಜ್ಜನ, ಹೊರಗೆ ಬಂದರೆ ಬೇಜವಾಬ್ದಾರಿ ಮನುಷ್ಯ. ಆದರೆ ಅವನನ್ನು ಹೊರಗೆ ಎಳೆದು ತರುವುದು ಯಾರು? ರಜೆಗೆ ಸರ್ಟಿಫಿಕೇಟು ಕೇಳುವ ಆಫೀಸು, ಹಾಜರಾತಿಯ ಲೆಕ್ಕ ಇಡುವ ಕಾಲೇಜು, ಬರದಿದ್ದ ದಿನದ ಕೂಲಿ ಕತ್ತರಿಸುವ ಧಣಿ. ಇವರಿಗೆ ಯಾರೂ ಉಪದೇಶ ಮಾಡುವುದಿಲ್ಲ. ಹಾಗಾಗಿ ಇವತ್ತು ನಾನು ಮಾಡುತ್ತೇನೆ. ಉದ್ದ ಆಗಬಹುದು, ಚಹಾ ತಂದುಕೊಂಡು ಕೂತ್ಕೊಳ್ಳಿ.

2023ರ ಜುಲೈ-ಆಗಸ್ಟ್ ನೆನಪಿರಬೇಕು ನಿಮಗೆ. ಜುಲೈ ಕೊನೆಯ ವಾರದಿಂದ ಆಗಸ್ಟ್ ಮೊದಲ ವಾರದೊಳಗೆ ರಾಜ್ಯದಲ್ಲಿ ಲೆಕ್ಕಕ್ಕೆ ಸಿಕ್ಕಿದ ಪ್ರಕರಣಗಳೇ 40 ಸಾವಿರ ದಾಟಿದ್ದವು. ಬೀದರ್, ಹಾವೇರಿ, ರಾಯಚೂರು ಪಟ್ಟಿಯ ಮೇಲ್ಭಾಗದಲ್ಲಿದ್ದವು. ಆಗುಂಬೆ ಘಾಟಿಯ ಆಚೆ ಇರುವ ಶಿವಮೊಗ್ಗದ ಲೆಕ್ಕವೂ ಸಾವಿರಗಳಲ್ಲಿತ್ತು. ಇದು ಆಸ್ಪತ್ರೆಗೆ ಹೋದವರ ಸಂಖ್ಯೆ ಮಾತ್ರ. ಮೆಡಿಕಲ್ ಶಾಪಿನಲ್ಲಿ "ಕಣ್ಣಿಗೆ ಒಂದು ಡ್ರಾಪ್ಸ್ ಕೊಡಿ" ಅಂತ ಕೇಳಿ ತಂದವರು, ನಂದಿಬಟ್ಟಲು ಹೂವಿನ ನೀರು ಬಿಟ್ಟುಕೊಂಡು ಮಲಗಿದವರು ಯಾವ ಲೆಕ್ಕದಲ್ಲೂ ಇಲ್ಲ. ನಮ್ಮಲ್ಲಿ ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಯಾವುದನ್ನೂ ಅದು ಬಿಡಲಿಲ್ಲ. ಶಾಲೆ, ಹಾಸ್ಟೆಲ್, ಪೀಜಿಗಳಲ್ಲಿ ಒಬ್ಬರಿಗೆ ಬಂತೆಂದರೆ ವಾರದೊಳಗೆ ಕೋಣೆಗೆ ಕೋಣೆಯೇ ಕೆಂಪು. ಆರೋಗ್ಯ ಇಲಾಖೆ ಸೂಚನೆ ಹೊರಡಿಸಿತು: ಕೈ ತೊಳೆಯಿರಿ, ಟವೆಲ್ ಹಂಚಿಕೊಳ್ಳಬೇಡಿ, ಬೇನೆ ಬಂದವರು ಗುಂಪಿಗೆ ಹೋಗಬೇಡಿ. ಒಳ್ಳೆಯ ಸೂಚನೆಯೇ. ಆದರೆ ಆ ಸೂಚನೆಗಳೆಲ್ಲ ಬೇನೆ ಬಂದವನ ಹೆಸರಿಗೇ ಬರೆದವು. ಅವನಿಗೆ ರಜೆ ಕೊಡಬೇಕಾದವನ ಹೆಸರಿಗೆ ಬರೆದದ್ದು ನನ್ನ ಕಣ್ಣಿಗಂತೂ ಬೀಳಲಿಲ್ಲ.

ಈ ಬೇನೆಯ ಹೆಸರುಗಳದ್ದೇ ಒಂದು ಕಥೆ, ಹೇಳದೆ ಇರಲಿಕ್ಕೆ ಆಗುವುದಿಲ್ಲ. ನಾವು ಮದ್ರಾಸ್ ಐ ಅನ್ನುತ್ತೇವೆ. 1918ರಲ್ಲಿ ಮದ್ರಾಸಿನ ಎಗ್ಮೋರ್ ಕಣ್ಣಾಸ್ಪತ್ರೆಯಲ್ಲಿ ಗುರುತಿಸಿದ್ದರಿಂದ ಈ ಹೆಸರು ಬಂತು ಅನ್ನುತ್ತಾರೆ. ಪಾಪ, ಕಂಡುಹಿಡಿದ ತಪ್ಪಿಗೆ ಊರಿನ ಹೆಸರೇ ರೋಗಕ್ಕೆ ಅಂಟಿಕೊಂಡಿತು. 1969ರಲ್ಲಿ ಆಫ್ರಿಕಾದ ಘಾನಾದಲ್ಲಿ ಇದರ ದಾಯಾದಿಯೊಂದು, ಕಣ್ಣಿನ ಬಿಳಿಯಲ್ಲಿ ರಕ್ತ ಚಿಮ್ಮಿದ ಹಾಗೆ ಕಾಣುವ ಬಗೆ, ಹಬ್ಬಿದಾಗ ಅಲ್ಲಿಯವರು ಅದಕ್ಕೆ ಅಪೊಲೋ ಬೇನೆ ಅಂತ ಹೆಸರಿಟ್ಟರು, ಚಂದ್ರನ ಮೇಲೆ ಮನುಷ್ಯ ಇಳಿದ ವರ್ಷ ಅಲ್ವಾ. 1971ರಲ್ಲಿ ಅದೇ ಬೇನೆ ಬಂಗಾಳಕ್ಕೆ ಬಂತು, ಗಡಿ ದಾಟಿ ನಿರಾಶ್ರಿತರು ಬರುತ್ತಿದ್ದ ಕಾಲ, ಕಲಕತ್ತಾದವರು ಅದಕ್ಕೆ ಜೈ ಬಾಂಗ್ಲಾ ಅಂದರು. ನೋಡಿ, ಎಲ್ಲಾ ಕಡೆಯೂ ಒಂದೇ ಚಾಳಿ. ಬೇನೆ ಬೇರೆಯವರದ್ದು, ಬೇರೆ ಊರಿನದ್ದು, ಹೊರಗಿನಿಂದ ಬಂದವರದ್ದು. ನಮ್ಮ ಬಸ್ಸಿನ ಉಪದೇಶವೂ ಅದೇ ಚಾಳಿಯ ಮರಿ.

ಈಗ ಬೇನೆಯ ವಿಷಯಕ್ಕೆ ಬರೋಣ. ನಾನು ಡಾಕ್ಟರಲ್ಲ, ಕೋಡು ಬರೆಯುವವನು. ಆದರೆ ಇಷ್ಟನ್ನು ಯಾವ ಕಣ್ಣಿನ ಡಾಕ್ಟರ್ ಕೂಡ ಹೇಳುತ್ತಾರೆ. ಹೀಗೆ ಊರಿಡೀ ಹಬ್ಬುವ ಕೆಂಗಣ್ಣು ಹೆಚ್ಚಾಗಿ ವೈರಸ್ಸಿನದ್ದು, ಅಡಿನೋವೈರಸ್ ಅಥವಾ ಎಂಟಿರೋವೈರಸ್. ಆ್ಯಂಟಿಬಯಾಟಿಕ್ ಹನಿಗಳು ವೈರಸ್ಸನ್ನು ಕೊಲ್ಲುವುದಿಲ್ಲ. ಅದು ತಾನಾಗಿ ಬಂದು ತಾನಾಗಿ ಹೋಗುತ್ತದೆ. ಕೆಲವರಿಗೆ ನಾಲ್ಕೈದು ದಿನ, ಕೆಲವರಿಗೆ ವಾರ, ಕೆಲವು ಅಡಿನೋವೈರಸ್ ಎರಡು ವಾರದವರೆಗೂ ಕಾಡುತ್ತದೆ. ಕಣ್ಣಿಗೆ ಕಣ್ಣು ಕೊಟ್ಟು ನೋಡಿದರೆ ಬರುತ್ತದೆ ಅನ್ನೋದು ಶುದ್ಧ ಸುಳ್ಳು. ಕಪ್ಪು ಕನ್ನಡಕ ಹಾಕಿದರೆ ಬೇರೆಯವರಿಗೆ ಹರಡುವುದಿಲ್ಲ ಅನ್ನೋದೂ ಅಷ್ಟೇ ಸುಳ್ಳು. ಬೆಳಕು ಚುಚ್ಚುವುದು ಕಡಿಮೆ ಆಗುತ್ತದೆ, ಪದೇ ಪದೇ ಕಣ್ಣುಜ್ಜಲಿಕ್ಕೆ ಅಡ್ಡ ಆಗುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದು.

ಹರಡುವುದು ಕೈಯಿಂದ. ನೀರು ಸುರಿಯುವ ಕಣ್ಣನ್ನು ಉಜ್ಜುತ್ತೇವೆ, ಅದೇ ಕೈಯಲ್ಲಿ ಬಸ್ಸಿನ ರಾಡು ಹಿಡಿಯುತ್ತೇವೆ. ಕಂಡಕ್ಟರಿಗೆ ಚಿಲ್ಲರೆ ಕೊಡುತ್ತೇವೆ, ಅವನು ಉಳಿದ ಅರವತ್ತು ಜನರಿಗೆ ಕೊಡುತ್ತಾನೆ. ಅಡಿನೋವೈರಸ್ ಒಣಗಿದ ಪ್ಲಾಸ್ಟಿಕ್, ಲೋಹದ ಮೇಲೆ ಗಂಟೆಗಟ್ಟಲೆ ಅಲ್ಲ, ದಿನಗಟ್ಟಲೆ, ವಾರಗಟ್ಟಲೆ ಬದುಕಿರಬಲ್ಲದು. ಕೋವಿಡ್ ಕಾಲದಿಂದ ನಾವು ನಂಬಿಕೊಂಡಿರುವ ಸ್ಯಾನಿಟೈಸರ್ ಕೂಡ ಈ ಜಾತಿಯ ವೈರಸ್ಸಿನ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಅದಕ್ಕೆ ಮೇಲಿನ ಕೊಬ್ಬಿನ ಹೊದಿಕೆ ಇಲ್ಲ, ಆಲ್ಕೋಹಾಲಿಗೆ ಕರಗಿಸಲಿಕ್ಕೆ ಏನೂ ಸಿಗುವುದಿಲ್ಲ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತಿಕ್ಕಿ ತೊಳೆಯುವುದೇ ದಾರಿ.

ಇಷ್ಟು ಗೊತ್ತಿದ್ದ ಮೇಲೆ ನಮ್ಮ ಆಫೀಸುಗಳ ಬಾಗಿಲಲ್ಲಿ ಇರುವ ಆ ಪುಟ್ಟ ಪೆಟ್ಟಿಗೆಯನ್ನು ಒಮ್ಮೆ ನೋಡಿ. ಬೆರಳು ಒತ್ತುವ ಬಯೋಮೆಟ್ರಿಕ್! ಬೆಳಿಗ್ಗೆ ಬಂದವರೆಲ್ಲ ಒಬ್ಬರ ಹಿಂದೆ ಒಬ್ಬರು ಒಂದೇ ಗಾಜಿನ ಚೂರಿನ ಮೇಲೆ ಒಂದೇ ಬೆರಳನ್ನು ಒತ್ತುತ್ತಾರೆ. ಸಂಜೆ ಹೋಗುವಾಗ ಪುನಃ. ಬೆರಳು ಒದ್ದೆ ಇದ್ದರೆ ಅದು ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಜನ ಪ್ಯಾಂಟಿಗೆ ಒರೆಸಿ, ಊದಿ, ಉಜ್ಜಿ ನಾಲ್ಕು ಸಲ ಒತ್ತುತ್ತಾರೆ. ಕೆಂಗಣ್ಣನ್ನು ಹಂಚಲಿಕ್ಕೆ ಒಂದು ಯಂತ್ರ ಡಿಸೈನ್ ಮಾಡಿ ಅಂತ ನನಗೆ ಯಾರಾದರೂ ಹೇಳಿದ್ದರೆ ಇದಕ್ಕಿಂತ ಚೆನ್ನಾಗಿ ಮಾಡಲಿಕ್ಕೆ ನನ್ನ ಕೈಲಿ ಆಗುತ್ತಿರಲಿಲ್ಲ. 2020ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ತನ್ನ ನೌಕರರಿಗೆ ಬಯೋಮೆಟ್ರಿಕ್ ನಿಲ್ಲಿಸಿತ್ತು, 2021ರ ನವೆಂಬರಿನಲ್ಲಿ ಪುನಃ ಶುರು ಮಾಡಿತು. ಅಂದರೆ ನಿಲ್ಲಿಸಬಹುದು ಅನ್ನೋದು ಗೊತ್ತಿದೆ. ನಿಲ್ಲಿಸಿದಾಗ ಆಫೀಸು ಮುಳುಗಿ ಹೋಗಲಿಲ್ಲ ಅನ್ನೋದೂ ಗೊತ್ತಿದೆ. ಆದರೂ ಕೆಂಗಣ್ಣಿನ ಎರಡು ತಿಂಗಳು ಅದನ್ನು ಬಂದ್ ಮಾಡೋಣ ಅಂತ ಯಾವ ಎಚ್ಚಾರ್ ತಲೆಗೂ ಹೊಳೆಯುವುದಿಲ್ಲ. ಸ್ಯಾನಿಟೈಸರ್ ಬಾಟಲಿ ಒಂದನ್ನು ಪಕ್ಕದಲ್ಲಿಟ್ಟು ಕೈ ತೊಳೆದುಕೊಳ್ಳುತ್ತಾರೆ. (ಕೈ ತೊಳೆದುಕೊಳ್ಳುವುದು ಅಂದರೆ ಇದೇ ಇರಬೇಕು :) )

ಇನ್ನು ಸರ್ಟಿಫಿಕೇಟು. ನನ್ನ ಸಿಟ್ಟಿನ ಮೂಲ ಇಲ್ಲೇ ಇರುವುದು.

2023ರ ಆ ಸುತ್ತಿನಲ್ಲಿ ನನಗೂ ಬಂತು. ಬೆಳಿಗ್ಗೆ ರೆಪ್ಪೆ ಅಂಟಿಕೊಂಡು ಬಿಡಿಸಲಿಕ್ಕೇ ಆಗಲಿಲ್ಲ, ಅಮ್ಮ ಬಿಸಿನೀರಲ್ಲಿ ಹತ್ತಿ ಅದ್ದಿ ಒರೆಸಿದ ಮೇಲೆ ಲೋಕ ಕಂಡಿತು. ಆಫೀಸಿಗೆ ಫೋನು ಮಾಡಿದೆ. ಕಂಪನಿಯ ಹೆಸರು ಬೇಡ, ಎಲ್ಲ ಕಂಪನಿಯೂ ಒಂದೇ. ಅಲ್ಲಿಯ ಎಚ್ಚಾರ್ ಒಳ್ಳೆಯ ಮನುಷ್ಯನೇ. "ಬರಬೇಡ ಮಾರಾಯ, ದಯವಿಟ್ಟು ಬರಬೇಡ" ಅಂದ. ನನಗೆ ಖುಷಿಯಾಯ್ತು. ಮರುಕ್ಷಣವೇ, "ಆದ್ರೆ ಒಂದು ಮೆಡಿಕಲ್ ಸರ್ಟಿಫಿಕೇಟ್ ಅಪ್‌ಲೋಡ್ ಮಾಡು. ಇಲ್ಲದಿದ್ರೆ ಸಿಸ್ಟಮ್ ಲಾಸ್ ಆಫ್ ಪೇ ಅಂತ ತಗೊಳ್ತದೆ, ನನ್ನ ಕೈಲಿ ಎಂತದೂ ಇಲ್ಲ."

ಆ ಮಾತಿನ ಅರ್ಥ ಬಿಡಿಸಿ ನೋಡಿ. ನಾನು ಮನೆಯಲ್ಲಿ ಉಳಿಯಬೇಕು ಅಂತ ರುಜುವಾತು ಮಾಡಲಿಕ್ಕೆ ನಾನು ಮನೆಯಿಂದ ಹೊರಡಬೇಕು. ಬಸ್ಸು ಹತ್ತಿ ರಾಡು ಹಿಡಿಯಬೇಕು. ಆಸ್ಪತ್ರೆಯಲ್ಲಿ ಚೀಟಿ ಮಾಡಿಸಬೇಕು, ಅಲ್ಲಿ ಕಟ್ಟಿ ಹಾಕಿದ ಪೆನ್ನಿನಲ್ಲಿ ಹೆಸರು ಬರೆಯಬೇಕು. ಬೆಂಚಿನ ಮೇಲೆ ಒಂದೂವರೆ ಗಂಟೆ ಕೂರಬೇಕು, ಎಡಬದಿಗೆ ಮೋತಿಬಿಂದಿನ ಆಪರೇಶನ್ ಆದ ಅಜ್ಜ, ಬಲಬದಿಗೆ ಮಡಿಲಲ್ಲಿ ಮಗು ಇಟ್ಟುಕೊಂಡ ಅಕ್ಕ. ಡಾಕ್ಟರು ಎರಡು ನಿಮಿಷ ಟಾರ್ಚು ಬಿಟ್ಟು ನೋಡಿ, ಎಲ್ಲರಿಗೂ ಗೊತ್ತಿರುವುದನ್ನೇ ಕಾಗದದ ಮೇಲೆ ಬರೆದು ಕೊಡಬೇಕು: ಇವನ ಕಣ್ಣು ಕೆಂಪಾಗಿದೆ, ಇವನು ಜನರ ಮಧ್ಯೆ ಹೋಗಬಾರದು! ಅಷ್ಟರಲ್ಲಿ ನಾನು ಎಷ್ಟು ಜನರ ಮಧ್ಯೆ ಹೋಗಿ ಬಂದಾಗಿರುತ್ತದೆ?

ನಾನು ಹೋಗಲಿಲ್ಲ. ಮೂರು ದಿನದ ಸಂಬಳ ಹೋಯಿತು. ನನಗೆ ಅದು ತಡೆದುಕೊಳ್ಳುವ ನಷ್ಟ, ಹಾಗಾಗಿ ಇದರಲ್ಲಿ ನನ್ನ ಹೆಗ್ಗಳಿಕೆ ಏನೂ ಇಲ್ಲ. ತಡೆದುಕೊಳ್ಳಲಿಕ್ಕೆ ಆಗದವರು ಬೆಂಚಿನ ಮೇಲೆ ಕೂತಿದ್ದರು.

ಆ ಬೆಂಚಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಜುಲೈ-ಆಗಸ್ಟ್ ಅಂದರೆ ಕಾರ್ಕಳದ ಸುತ್ತ ಗದ್ದೆ ಕೆಲಸದ ಕಾಲ. ನೇಜಿ ನೆಡುವಾಗಲೋ ಕಳೆ ಕೀಳುವಾಗಲೋ ಎಲೆಯ ತುದಿ ಕಣ್ಣಿಗೆ ತಾಗುತ್ತದೆ. ಅದೂ ಕೆಂಪಾಗುತ್ತದೆ. ಆದರೆ ಅದು ಕೆಂಗಣ್ಣಲ್ಲ. ಕರಿಗುಡ್ಡೆಯ ಮೇಲೆ ಗೀರಿ, ಅಲ್ಲಿ ಬೂಸ್ಟು ಬೆಳೆದು ಹುಣ್ಣಾದರೆ ದೃಷ್ಟಿಯೇ ಹೋಗಬಹುದು. ಒಂದೇ ಕಣ್ಣು, ತಡೆಯಲಾರದ ನೋವು, ಬೆಳಕು ನೋಡಲಿಕ್ಕೇ ಆಗದು, ನೋಟ ಮಂಜು, ಪೆಟ್ಟು ತಾಗಿದ ನೆನಪು, ಅಥವಾ ಕಾಂಟ್ಯಾಕ್ಟ್ ಲೆನ್ಸ್ ಹಾಕುವ ಅಭ್ಯಾಸ: ಇವರು ಮನೆಯಲ್ಲಿ ಉಳಿಯಬಾರದು, ಅವತ್ತೇ ಡಾಕ್ಟರ ಹತ್ತಿರ ಓಡಬೇಕು. ಹುಟ್ಟಿದ ಎಳೆ ಮಗುವಿನ ಕಣ್ಣು ಅಂಟಿದರೂ ಅಷ್ಟೇ. ಈಗ ಹೇಳಿ, ಸರ್ಟಿಫಿಕೇಟಿಗಾಗಿ ಬಂದ ನಮ್ಮಂಥ ಐವತ್ತು ಜನರ ಹಿಂದೆ ಟೋಕನ್ ಹಿಡಿದು ಕೂತ ಆ ಗದ್ದೆಯ ಹೆಂಗಸಿನ ಪಾಳಿ ಯಾವಾಗ ಬರಬೇಕು? ಕಾದು ಕಾದು ಬೇಸತ್ತು "ಎಲ್ಲರಿಗೂ ಬಂದದ್ದೇ ನನಗೂ ಬಂದದ್ದು" ಅಂತ ಎದ್ದು ಹೋಗಿ ಅಂಗಡಿಯಿಂದ ಡ್ರಾಪ್ಸ್ ತಂದು ಹಾಕಿಕೊಂಡರೆ? ಅಂಗಡಿಯವನು ಕೊಡುವುದರಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಬೆರೆತಿರುತ್ತದೆ. ಮಾಮೂಲಿ ಕೆಂಗಣ್ಣಿಗೆ ಅದು ಬೇಡದ ಮದ್ದು, ಕೆಂಪನ್ನು ಅಡಗಿಸಿ ವೈರಸ್ಸಿನ ಆಯಸ್ಸು ಉದ್ದ ಮಾಡುತ್ತದೆ. ಬೂಸ್ಟಿನ ಹುಣ್ಣಿಗೆ ಅದು ಬೆಂಕಿಗೆ ತುಪ್ಪ. ಆಫೀಸಿನ ಒಂದು ಕಾಗದದ ಹಟಕ್ಕೆ ಯಾರದ್ದೋ ಒಂದು ಕಣ್ಣೇ ಬೆಲೆ ಆಗಬಹುದು. ಸುಮ್ಮನೆ ಸಿಟ್ಟಿಗೆ ಹೇಳುವ ಮಾತಲ್ಲ ಇದು.

"ಸರ್ಟಿಫಿಕೇಟು ಕೇಳದಿದ್ರೆ ಎಲ್ಲರೂ ಕಳ್ಳ ರಜೆ ಹಾಕ್ತಾರೆ" ಅನ್ನುವವರು ಇದ್ದಾರೆ. ಹೊಟ್ಟೆನೋವು, ತಲೆನೋವಿಗೆ ಈ ಅನುಮಾನ ಒಪ್ಪಿಕೊಳ್ಳೋಣ, ಒಳಗಿನದ್ದು ಯಾರಿಗೂ ಕಾಣುವುದಿಲ್ಲ. ಕೆಂಗಣ್ಣಿನಲ್ಲಿ ಎಂಥ ಕಳ್ಳತನ ಮಾರ್ರೆ? ರೋಗವೇ ಮುಖದ ಮೇಲೆ ಕೂತು ನೋಡುತ್ತಾ ಇರುತ್ತದೆ. ಈರುಳ್ಳಿ ಹೆಚ್ಚಿದರೆ ಅರ್ಧ ಗಂಟೆ ಕೆಂಪಾದೀತು, ಮೂರು ದಿನ ಆಗುತ್ತದಾ? ಅಷ್ಟಕ್ಕೂ ಕಳ್ಳ ರಜೆ ಹಾಕುವವನಿಗೆ ಕಳ್ಳ ಸರ್ಟಿಫಿಕೇಟು ತರಲಿಕ್ಕೆ ಗೊತ್ತಿರುವುದಿಲ್ಲವೇ? ಆ ಕಾಗದ ತಡೆಯುವುದು ಪ್ರಾಮಾಣಿಕರನ್ನು ಮಾತ್ರ. ಸಾಫ್ಟ್‌ವೇರಿನ ಭಾಷೆಯಲ್ಲಿ ಹೇಳುವುದಾದರೆ, ಹ್ಯಾಕರ್ ಸಲೀಸಾಗಿ ಒಳಗೆ ಬರುವ, ನಿಜವಾದ ಬಳಕೆದಾರ ಮಾತ್ರ ಪಾಸ್‌ವರ್ಡ್ ಮರೆತು ಹೊರಗೆ ನಿಲ್ಲುವ ಲಾಗಿನ್ ಪುಟ ಇದು.

ಇನ್ನು ಸ್ವಲ್ಪ ಓದಿಕೊಂಡವರದ್ದು ಇನ್ನೊಂದು ವಾದ. "ಇಂಗ್ಲೆಂಡಿನ ಎನ್‌ಎಚ್‌ಎಸ್ ನೋಡಿ, ಕೆಂಗಣ್ಣಿಗೆ ಶಾಲೆ ಆಫೀಸು ಬಿಡಬೇಕಿಲ್ಲ ಅಂತ ಹೇಳುತ್ತದೆ, ನೀವೇನು ದೊಡ್ಡದು ಮಾಡುವುದು?" ಹೌದು, ಹೇಳುತ್ತದೆ. ತೀರಾ ಹುಷಾರಿಲ್ಲದಿದ್ದರೆ ಮಾತ್ರ ಉಳಿಯಿರಿ ಅನ್ನುತ್ತದೆ. ಅವರ ಲೆಕ್ಕಾಚಾರ ದಡ್ಡತನದ್ದಲ್ಲ. ಸಣ್ಣ ಬೇನೆ, ತಾನಾಗಿ ಗುಣವಾಗುತ್ತದೆ, ಪ್ರತಿ ಮಗುವನ್ನೂ ವಾರಗಟ್ಟಲೆ ಮನೆಗೆ ಕಳಿಸಿದರೆ ಪಾಠವೂ ಹೋಯಿತು, ಅಪ್ಪ ಅಮ್ಮನ ಕೆಲಸವೂ ಹೋಯಿತು. ನಾನೂ ಎರಡು ವಾರ ಎಲ್ಲರನ್ನೂ ಕೂಡಿ ಹಾಕಿ ಅನ್ನುತ್ತಿಲ್ಲ. ಆದರೆ ಎನ್‌ಎಚ್‌ಎಸ್ ಉದಾಹರಣೆ ಕೊಡುವವರು ಆ ದೇಶದ ಇನ್ನೊಂದು ನಿಯಮವನ್ನೂ ಜೊತೆಗೆ ಹೇಳಬೇಕಲ್ಲ? ಅಲ್ಲಿ ಕಾಯಿಲೆ ಅಂತ ರಜೆ ಹಾಕಿದರೆ 7 ದಿನದವರೆಗೆ ಡಾಕ್ಟರ ಚೀಟಿ ಬೇಡ. ಹುಷಾರಿಲ್ಲ ಅಂತ ಕೆಲಸಗಾರ ತಾನೇ ಬರೆದು ಕೊಟ್ಟರೆ ಸಾಕು. ಮನೆಯಲ್ಲಿ ಉಳಿಯುವುದು ಕಡ್ಡಾಯ ಅಲ್ಲ, ಆದರೆ ಉಳಿಯಬೇಕು ಅನ್ನಿಸಿದವನಿಗೆ ಬಾಗಿಲು ತೆರೆದಿದೆ. ನಮ್ಮಲ್ಲಿ ಉಳಿಯಿರಿ ಅಂತ ಪೋಸ್ಟರು ಅಂಟಿಸುತ್ತೇವೆ, ಬಾಗಿಲಿಗೆ ಬೀಗ ಹಾಕುತ್ತೇವೆ. ಮತ್ತೆ, ಅವರ ಶಾಲೆಯ ಬೆಂಚೂ ನಮ್ಮ ಬೆಂಚೂ ಒಂದೇ ಅಲ್ಲ, ನಮ್ಮ ಹಾಸ್ಟೆಲಿನಲ್ಲಿ ಒಂದು ನಲ್ಲಿಗೆ ಎಷ್ಟು ಜನ ಅಂತ ಹಾಸ್ಟೆಲಿನಲ್ಲಿ ಇದ್ದವರಿಗೆ ಹೇಳಬೇಕಾಗಿಲ್ಲ.

ಇನ್ನೊಂದು ತುದಿಯೂ ಇದೆ. 2023ರ ಸೆಪ್ಟೆಂಬರ್ ಕೊನೆಗೆ ಪಾಕಿಸ್ತಾನದ ಪಂಜಾಬ್ ಪ್ರಾಂತ್ಯದಲ್ಲಿ ಕೆಂಗಣ್ಣಿಗೆ ಹೆದರಿ 56 ಸಾವಿರಕ್ಕೂ ಹೆಚ್ಚು ಶಾಲೆಗಳನ್ನು ಕೆಲವು ದಿನ ಮುಚ್ಚಿಬಿಟ್ಟರು. ಅದು ನನಗೆ ಅತಿಯಾಯಿತು ಅನ್ನಿಸುತ್ತದೆ. ಒಂದೊಂದು ಮಗುವಿಗೆ ಹೆದರಿಕೆ ಇಲ್ಲದೆ ಮೂರು ದಿನ ರಜೆ ಕೊಡುವ ವ್ಯವಸ್ಥೆ ಇದ್ದರೆ ಎಲ್ಲರಿಗೂ ಒಟ್ಟಿಗೆ ಬೀಗ ಹಾಕುವ ಪ್ರಮೇಯ ಬರುವುದಿಲ್ಲ.

ಮಕ್ಕಳ ವಿಷಯ ಬಂತಲ್ಲ, ನನ್ನ ಚಿಕ್ಕಮ್ಮನ ಮಗಳ ಕಥೆ ಕೇಳಿ. ಆಗ ಆರನೇ ಕ್ಲಾಸು. ಕಣ್ಣು ದಾಸವಾಳದ ಹಾಗೆ ಆಗಿದೆ, ಚಿಕ್ಕಮ್ಮ ಬೇಡ ಬೇಡ ಅಂದರೂ ಅತ್ತು ಕರೆದು ಚೀಲ ಹೆಗಲಿಗೇರಿಸಿ ಹೊರಟಳು. ಯಾಕೆಂದರೆ ಒಂದು ದಿನವೂ ರಜೆ ಹಾಕದವರಿಗೆ ವಾರ್ಷಿಕೋತ್ಸವದಲ್ಲಿ ಬಹುಮಾನ. ಒಂದು ಸ್ಟೀಲ್ ಲೋಟವೋ ಡಬ್ಬಿಯೋ. ಆ ಲೋಟಕ್ಕಾಗಿ ಇಡೀ ಕ್ಲಾಸಿಗೆ ಕೆಂಗಣ್ಣು! ಮಗುವಿನ ತಪ್ಪಲ್ಲ, ಅವಳಿಗೆ ಕಲಿಸಿದ ಪಾಠವನ್ನೇ ಅವಳು ಮಾಡಿದಳು. ಪೂರ್ಣ ಹಾಜರಾತಿ ಅನ್ನೋದು ಯಾವ ಸಾಧನೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಆ ವರ್ಷ ಆ ಮಗುವಿಗೆ ಜ್ವರ ಬರಲಿಲ್ಲ ಅಥವಾ ಜ್ವರದಲ್ಲೂ ಬಂದು ಕೂತಿತು, ಎರಡರಲ್ಲಿ ಒಂದು ತಾನೇ? ಮೊದಲನೆಯದ್ದು ಅದೃಷ್ಟ. ಎರಡನೆಯದ್ದಕ್ಕೆ ವೇದಿಕೆ ಮೇಲೆ ಕರೆದು ಚಪ್ಪಾಳೆ ಹೊಡೆಸುತ್ತೇವೆ. ಇದೇ ಮಗು ಬೆಳೆದು ಎಂಜಿನಿಯರಿಂಗ್ ಸೇರಿದರೆ ಅಲ್ಲಿ ವಿಟಿಯುವಿನ ಶೇಕಡಾ 85ರ ಹಾಜರಾತಿ ಕಾದಿರುತ್ತದೆ. ಮೆಡಿಕಲ್ ಕೊಟ್ಟರೆ ರಿಯಾಯಿತಿ ಉಂಟು, ಆದರೆ ಅದಕ್ಕೂ ಪುನಃ ಅದೇ ಕಾಗದ, ಅದೇ ಬೆಂಚು. ನನ್ನ ಕಾಲೇಜಿನ ದಿನಗಳಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ ಸಾಲಾಗಿ ಕೂತ ಹುಡುಗರನ್ನು ನೋಡಿ ಮೇಷ್ಟ್ರು "ಏನ್ರೋ, ಸಿನಿಮಾ ಶೂಟಿಂಗಾ?" ಅಂದಿದ್ದರು. ಎಲ್ಲರೂ ನಕ್ಕೆವು. ಹಾಜರಿ ಮಾತ್ರ ಕೂಗಿದರು.

ಹಾಗಂತ ಮನೆಯಲ್ಲಿ ಉಳಿಯುವ ಕಲೆ ನಮಗೆ ಗೊತ್ತಿಲ್ಲ ಅಂತಲ್ಲ. ಕಾಪುವಿನವರನ್ನು ಕೇಳಿ. ಅಲ್ಲಿ ಮೂರು ಮಾರಿಗುಡಿ, ವರ್ಷಕ್ಕೆ ಮೂರು ಮಾರಿಪೂಜೆ: ಸುಗ್ಗಿ, ಆಟಿ, ಜಾರ್ದೆ. ಆಟಿಯ ಮಾರಿಪೂಜೆ ಬರುವುದು ಸರಿಯಾಗಿ ಈ ಜುಲೈ-ಆಗಸ್ಟಿನ ಮಳೆಯಲ್ಲೇ, ಬೇನೆಗಳು ತಲೆ ಎತ್ತುವ ಕಾಲದಲ್ಲೇ. ಮಾರಿ ಅಂದರೆ ನಮ್ಮ ಹಿರಿಯರಿಗೆ ಸಿಡುಬು, ಕಾಲರಾದ ನೆನಪು. ಅಮ್ಮ ಬಂದ ಮನೆಗೆ ಯಾರೂ ಹೋಗಬಾರದು, ಆ ಮನೆಯವರು ಹೊರಗೆ ಬರಬಾರದು, ಗುಣವಾದ ಮೇಲೆ ತಲೆಗೆ ನೀರು ಹಾಕಿ ಆಮೇಲೆ ಊರು. ಸಿಡುಬು ಹೋಗಿ ದಶಕಗಳಾದರೂ ಆ ಶಿಸ್ತು ಚಿಕನ್ ಪಾಕ್ಸಿಗೆ ಇವತ್ತಿಗೂ ನಡೆಯುತ್ತದೆ. ಆಫೀಸಿಗೆ ಫೋನು ಮಾಡಿ "ಚಿಕನ್ ಪಾಕ್ಸ್" ಅಂದು ನೋಡಿ, ಎಚ್ಚಾರ್ ಫೋನಿನಲ್ಲೇ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಎರಡು ವಾರ ಬರಬೇಡ ಅನ್ನುತ್ತಾನೆ, ಸರ್ಟಿಫಿಕೇಟು ಆಮೇಲೆ ನೋಡುವ ಅನ್ನುತ್ತಾನೆ. ಹಾಗಾದರೆ ಕೆಂಗಣ್ಣು ಮಾಡಿದ ಪಾಪ ಏನು? ಅದಕ್ಕೊಬ್ಬಳು ದೇವಿ ಇಲ್ಲ, ಅಷ್ಟೇ. ಹೆದರಿಕೆ ಇಲ್ಲದ ಬೇನೆಗೆ ಮರ್ಯಾದೆಯೂ ಇಲ್ಲ.

ಇಲ್ಲಿಯವರೆಗೆ ಹೇಳಿದ್ದು ತಿಂಗಳ ಸಂಬಳದವರ, ಓದುವ ಮಕ್ಕಳ ಮಾತು. ಇದಕ್ಕಿಂತ ಕಷ್ಟದ್ದು ಉಳಿದಿದೆ. ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳು ಕೈಯಲ್ಲಿ ಕಾಸಿಲ್ಲದೆ ಕಳೆದವರು ಆಗಸ್ಟ್ ಮೊದಲ ವಾರಕ್ಕಾಗಿ ಕಾಯುತ್ತಿರುತ್ತಾರೆ. 2023ರ ಕೆಂಗಣ್ಣು ಉತ್ತುಂಗಕ್ಕೆ ಹೋದದ್ದೂ ಅದೇ ವಾರ. ಮಲ್ಪೆಯಿಂದ ಆಳಸಮುದ್ರಕ್ಕೆ ಹೊರಟ ಬೋಟು ಹತ್ತು ದಿನ ದಡ ಕಾಣುವುದಿಲ್ಲ. ಒಂದೇ ಸಣ್ಣ ಕ್ಯಾಬಿನ್, ಕುಡಿಯುವ ನೀರೇ ಲೆಕ್ಕದಲ್ಲಿ, ಇನ್ನು ಗಂಟೆಗೊಮ್ಮೆ ಸೋಪು ಹಾಕಿ ಕೈ ತೊಳೆಯುವುದೆಲ್ಲಿ. ಕಣ್ಣು ಕೆಂಪಾದವನು "ಈ ಸಲ ನಾನು ಬರುವುದಿಲ್ಲ ತಾಂಡೇಲರೇ" ಅಂದರೆ ಅವನ ಪಾಲು ಹೋಯಿತು, ಅವನ ಜಾಗಕ್ಕೆ ಇನ್ನೊಬ್ಬ ಬಂದ. ಅವನಿಗೆ ಜವಾಬ್ದಾರಿಯ ಪಾಠ ಹೇಳಲಿಕ್ಕೆ ನಮಗೆ ಯಾವ ಯೋಗ್ಯತೆ ಇದೆ?

ಕಾರ್ಕಳದ ಕಡೆಯ ಗೇರುಬೀಜದ ಫ್ಯಾಕ್ಟರಿಗಳಲ್ಲಿ ಕೂತು ಬೀಜ ಸುಲಿಯುವ ಹೆಂಗಸರನ್ನು ನೆನೆಯಿರಿ. ಎಷ್ಟು ಕಿಲೋ ಸುಲಿದರೆ ಅಷ್ಟು ದುಡ್ಡು. ಮನೆಯಲ್ಲಿ ಕೂತು ಬೀಡಿ ಕಟ್ಟುವವರಿಗೆ ಸಾವಿರ ಬೀಡಿಗೆ ಇಷ್ಟು ಅಂತ. ಬೀಡಿ ಕಟ್ಟುವವರು ಮನೆಯಲ್ಲೇ ಇರುತ್ತಾರಲ್ಲ ಅನ್ನಬೇಡಿ, ಉರಿಯುವ ಕಣ್ಣಿನಲ್ಲಿ ಎಲೆ ಕತ್ತರಿಸಿ ಹೊಗೆಸೊಪ್ಪಿನ ಹುಡಿ ತುಂಬಿದ ಕೈಯಲ್ಲಿ ಅದೇ ಕಣ್ಣೊರೆಸಿಕೊಂಡು ನೋಡಿ ಗೊತ್ತಾಗುತ್ತದೆ. ಇಎಸ್‌ಐ ಇದ್ದ ಫ್ಯಾಕ್ಟರಿಯವರಿಗೆ ಸ್ವಲ್ಪ ಆಸರೆ ಉಂಟು, ಕಾಯಿಲೆಯ ದಿನಗಳಿಗೆ ಕೂಲಿಯ ಶೇಕಡಾ 70ರಷ್ಟು. ಆದರೆ 1948ರ ಇಎಸ್‌ಐ ಕಾಯ್ದೆ ಬರೆದವರು ಕಾಯಿಲೆಯ ಮೊದಲ ಎರಡು ದಿನಕ್ಕೆ ಏನೂ ಇಲ್ಲ ಅಂತ ಬರೆದಿಟ್ಟರು. ಸಣ್ಣಪುಟ್ಟ ನೆಪಕ್ಕೆಲ್ಲ ಕೇಳಬಾರದು ಅನ್ನುವ ಲೆಕ್ಕ. ಕೆಂಗಣ್ಣು ಹೆಚ್ಚು ಅಂಟುವುದೇ ಮೊದಲ ದಿನಗಳಲ್ಲಿ! ಯಾವ ದಿನ ಮನೆಯಲ್ಲಿ ಉಳಿಯಬೇಕೋ ಆ ದಿನಕ್ಕೇ ದುಡ್ಡಿಲ್ಲ. ಅದಕ್ಕೂ ಡಾಕ್ಟರ ಕಾಗದ ಬೇಕು, ಅದು ಬೇರೆ.

ಇಂಥವರ ಮುಂದೆ ನಾವು ಲ್ಯಾಪ್‌ಟಾಪಿನವರು ತುಂಬ ಸುಖದಲ್ಲಿದ್ದೇವೆ. ಹಾಗಾಗಿ ಮೊದಲು ಬದಲಾಗಬೇಕಾದದ್ದೂ ನಮ್ಮ ಆಫೀಸುಗಳೇ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ವರ್ಷಕ್ಕೆ 12 ದಿನ ಅನಾರೋಗ್ಯದ ರಜೆ ನಮ್ಮ ಹಕ್ಕು, ಎಚ್ಚಾರ್ ಕೊಡುವ ಪ್ರಸಾದ ಅಲ್ಲ. ಅದರಲ್ಲಿ ಮೊದಲ ಮೂರೋ ಐದೋ ದಿನಕ್ಕೆ ಕಾಗದ ಕೇಳುವುದಿಲ್ಲ ಅಂತ ಪಾಲಿಸಿಯಲ್ಲಿ ಒಂದು ಸಾಲು ಸೇರಿಸಲಿಕ್ಕೆ ಎಷ್ಟು ಖರ್ಚು? ನಾನು ಅಂಥ ಪೋರ್ಟಲುಗಳಲ್ಲಿ ಕೆಲಸ ಮಾಡಿದವನು, ಹೇಳುತ್ತೇನೆ: ಆ ಅಪ್‌ಲೋಡ್ ಬಟನ್ನಿನ ಪಕ್ಕದಲ್ಲಿರುವ ಕಡ್ಡಾಯ ಅನ್ನುವ ನಕ್ಷತ್ರ ತೆಗೆಯಲಿಕ್ಕೆ ಹತ್ತು ನಿಮಿಷ ಸಾಕು. ಟೆಸ್ಟಿಂಗ್ ಸೇರಿ ಒಂದು ದಿನ ಅನ್ನಿ.

ಮತ್ತೆ ದಯವಿಟ್ಟು "ರಜೆ ಯಾಕೆ, ಮನೆಯಿಂದಲೇ ಕೆಲಸ ಮಾಡಿ" ಅನ್ನಬೇಡಿ. ಕಾಲು ಮುರಿದವನಿಗೆ ಮನೆಯ ಸುತ್ತಲೇ ಓಡು ಅಂದ ಹಾಗಾಯಿತು ಅದು. ಸ್ಕ್ರೀನು ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ, ಆರೋಗ್ಯದ ಕಣ್ಣೇ ಸಂಜೆಗೆ ಉರಿಯುತ್ತದೆ. ಮರಳು ತುಂಬಿದ ಹಾಗೆ ಇರುವ ಕಣ್ಣಿನಲ್ಲಿ ಲಾಗ್ ಫೈಲು ಓದಿ ಬಗ್ ಹುಡುಕು ಅನ್ನುವವನ ಕಣ್ಣಿಗೆ ಒಮ್ಮೆ ಬರಲಿ ಅಂತ ಶಾಪ ಹಾಕುವಷ್ಟು ಸಿಟ್ಟು ಬರುತ್ತದೆ, ಹಾಕುವುದಿಲ್ಲ. ನಮ್ಮ ಮ್ಯಾನೇಜರಿಗೆ ಆಗಲೇ ಬಂದು ಹೋಗಿದೆ. ಅವನು ಎರಡನೇ ದಿನವೇ ಕಪ್ಪು ಕನ್ನಡಕ ಹಾಕಿಕೊಂಡು ಮೀಟಿಂಗಿಗೆ ಬಂದಿದ್ದ, ಅದನ್ನು ಎಲ್ಲರೂ ಡೆಡಿಕೇಶನ್ ಅಂತ ಹೊಗಳಿದರು.

ಮನೆಯಲ್ಲಿ ಉಳಿದವರಿಗೂ ಒಂದು ಮಾತು. ಉಳಿದರೆ ಮುಗಿಯಲಿಲ್ಲ. ತಲೆದಿಂಬಿನ ಕವರು, ಬೈರಾಸು ಬೇರೆ ಮಾಡಿ, ಬಿಸಿನೀರಲ್ಲಿ ಸೋಪು ಹಾಕಿ ಒಗೆಯಿರಿ. ಒಂದೇ ಡ್ರಾಪ್ಸ್ ಬಾಟಲಿಯನ್ನು ಮನೆಮಂದಿಯೆಲ್ಲ ಹಾಕಿಕೊಳ್ಳಬೇಡಿ. ಕಾಡಿಗೆ ಡಬ್ಬಿ ಎಸೆದುಬಿಡಿ. ಟೀವಿ ರಿಮೋಟು, ಮೊಬೈಲು ಒರೆಸಿ. ಎದೆಹಾಲು, ನಂದಿಬಟ್ಟಲು, ಕೊತ್ತಂಬರಿ ನೀರು ಅಂತ ಅಜ್ಜಿ ಪ್ರೀತಿಯಿಂದ ತಂದರೆ ಪ್ರೀತಿಯನ್ನಷ್ಟೇ ತೆಗೆದುಕೊಳ್ಳಿ, ಕಣ್ಣಿಗೆ ಕುದಿಸಿ ಆರಿಸಿದ ನೀರಿನ ಹತ್ತಿ ಸಾಕು. ನೋವು ಜಾಸ್ತಿಯಾದರೆ, ನೋಟ ಮಂಜಾದರೆ ಮೇಲೆ ಹೇಳಿದ ಹಾಗೆ ಆಸ್ಪತ್ರೆಗೆ, ಆಗ ಬೆಂಚಿನ ಮೇಲೆ ಕೂರುವ ಹಕ್ಕು ನಿಮಗೆ ಪೂರ್ತಿ ಉಂಟು.

ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮ ನಿಮ್ಮ ಆಫೀಸಿನ, ಕಾಲೇಜಿನ ರಜೆಯ ನಿಯಮ ತೆಗೆದು ನೋಡಿ, ಎಷ್ಟನೇ ದಿನದಿಂದ ಸರ್ಟಿಫಿಕೇಟು ಕೇಳುತ್ತಾರೆ ಅಂತ. ಆ ಸಂಖ್ಯೆಯನ್ನು ಕೆಳಗೆ ಕಮೆಂಟಿನಲ್ಲಿ ಬರೆಯಿರಿ, ಹೆಸರು ಬೇಡ, ಊರು ಸಾಕು. ಹತ್ತಿಪ್ಪತ್ತು ಬಂದರೆ ಒಂದು ಪಟ್ಟಿ ಮಾಡಿ ನಮ್ಮ ಎಚ್ಚಾರ್ ಮುಂದೆ ಇಡುವುದು ನನ್ನ ಜವಾಬ್ದಾರಿ. ನನ್ನಿಂದಲೇ ಶುರು: ಮಣಿಪಾಲ, 1ನೇ ದಿನ.